ಸೀಮೆಸುಣ್ಣ ಹಚ್ಚಿದ ಟೇಪು

ನಮ್ಮ ಸರ್ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಹೊಸೂರಿನ ಟೀ ಅಂಗಡಿಯವನು ಅವರನ್ನು ಸ್ಕೂಲ್ ವಾತಿಯಾರ್, ಅಂದರೆ ಮೇಷ್ಟ್ರು, ಎಂದೇ ತಿಳಿದಿದ್ದ. ಸರ್ ತಿದ್ದಲು ಹೋಗಲಿಲ್ಲ. ಅವರ ಕೆಲಸ ಅಂತರ್ಜಲ ಅಳೆಯುವುದು. ಉಕ್ಕಿನ ಟೇಪಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಟ್ಟು, ಸುಣ್ಣ ಎಲ್ಲಿಯವರೆಗೆ ನೆನೆದಿದೆ ಎಂದು ನೋಡುತ್ತಿದ್ದರು. ನಾನು ಆರು ವರ್ಷ ಅವರ ಸಹಾಯಕನಾಗಿದ್ದೆ.

ಒಂದು ಬೋರಿನಿಂದ ದಿನವಿಡೀ ನೀರೆತ್ತಿ, ಪಕ್ಕದ ಬಾವಿಯಲ್ಲಿ ನೀರು ಎಷ್ಟು ಇಳಿಯಿತೆಂದು ಬರೆದುಕೊಂಡರೆ ಆ ನೆಲದ ಶಕ್ತಿ ತಿಳಿಯುತ್ತದೆ. ಮೋಟರ್ ನಿಂತ ಕೂಡಲೇ ನನಗೆ ಮನೆಯ ಆತುರ. ಸರ್ ಏಳುತ್ತಿರಲಿಲ್ಲ. "ಇಳಿಯೋದ್ ನೋಡುದ್ರೆ ಸಾಲ್ದು ಕಣ್ಲಾ, ಮತ್ತೆ ಏರೋದೂ ನೋಡ್ಬೇಕು," ಎಂದು ಕಡಲೆಕಾಯಿ ಪೊಟ್ಟಣ ಬಿಚ್ಚುತ್ತಿದ್ದರು.

ಉದ್ದನಪಲ್ಲಿಯ ಹತ್ತಿರ ಹೊಸ ಬಡಾವಣೆಗೆ ಬೋರು ಕೊರೆಸಿದ್ದರು. ಅದರಿಂದ ನೀರೆತ್ತಿದರೆ ಪಕ್ಕದ ಹೊಲದ ಹೆಂಗಸಿನ ಬಾವಿ ಉಳಿಯುತ್ತದೋ ಇಲ್ಲವೋ, ನಾವು ಹೇಳಬೇಕಿತ್ತು. ಅಂದು ಸರ್‌ಗೆ ಜ್ವರ. ನಂಬಿ ನನ್ನನ್ನೇ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಬಾವಿಯ ನೀರು ಇಳಿಯುವುದು ನಿಂತಿತು. ನೆಲದಲ್ಲಿ ಬೇಕಾದಷ್ಟು ನೀರಿದೆ ಎಂದು ಹಿಗ್ಗಿ ಬರೆದುಕೊಂಡೆ, ಮೋಟರ್ ನಿಲ್ಲಿಸಿದವನೇ ಬಸ್ಸು ಹತ್ತಿದೆ. ನನ್ನ ವರದಿಗೆ ಸರ್ ಸಹಿ ಹಾಕಿದರು.

ಮರುಬೇಸಿಗೆಗೆ ಆ ಬಾವಿ ಬತ್ತಿತು. ಸರ್ ನನ್ನನ್ನೂ ಕರೆದುಕೊಂಡು ಹೋಗಿ ಟೇಪು ಇಳಿಬಿಟ್ಟರು. ಸುಣ್ಣ ನೆನೆಯದೆ ಮೇಲೆ ಬಂತು. ಪರೀಕ್ಷೆಯ ದಿನ ಎತ್ತಿದ ನೀರು ಎಲ್ಲಿಗೆ ಹೋಯಿತೆಂದು ಆಕೆಯನ್ನು ಕೇಳಿದರು.

"ಸುಮ್ಕೆ ಹರ್ದು ಹೋಯ್ತಿತ್ತಲ್ಲ ಸಾರ್, ಬಾವಿ ಪಕ್ಕದ ಕೊತ್ಮಿರಿ ಮಡಿಗೆ ತಿರುಗಿಸ್ಕೊಂಡೆ. ಇವ್ರನ್ನ ಕೇಳ್ದೆ, ಹೂಂ ಅಂದ್ರು."

ಆ ನೀರೇ ಇಂಗಿ ಬಾವಿಗೆ ವಾಪಸ್ ಬಂದಿತ್ತು, ಅದಕ್ಕೇ ಅಂದು ಇಳಿಯುವುದು ನಿಂತಿತ್ತು. ಮೋಟರ್ ನಿಂತ ಮೇಲೆ ಕಾದು, ಏರುವುದನ್ನೂ ನೋಡಿದ್ದರೆ ನನಗೆ ತಿಳಿಯುತ್ತಿತ್ತು.

"ನಾನ್ ಬರ್ಬೇಕಿತ್ತು ತಾಯಿ. ತಪ್ಪು ನಂದು," ಎಂದರು ಸರ್. ಬಡಾವಣೆಯವರಿಗೆ ಹಾಗೆಯೇ ಬರೆದೂ ಕೊಟ್ಟರು. ಬಡಾವಣೆಯ ಬೋರು ನಿಲ್ಲಲಿಲ್ಲ. ಸರ್ ಅವರನ್ನು ಕೆಲಸಕ್ಕೆ ಕರೆಯುವವರು ಮಾತ್ರ ಕಡಿಮೆಯಾದರು. ನನಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ನಾಚಿಕೆಯಿಂದ ಅವರ ಮನೆಗೆ ಹೋಗುವುದನ್ನೇ ಬಿಟ್ಟೆ.

ಕಳೆದ ಆಷಾಢದಲ್ಲಿ ಸರ್ ತೀರಿಕೊಂಡರು. ಸ್ನಾನ ಮಾಡಿಸಿ ಮಲಗಿಸಿದ್ದರು. ಬೆರಳುಗಳಲ್ಲಿ ಸುಣ್ಣವಿರಲಿಲ್ಲ, ಯಾರದೋ ಕೈಯಂತೆ ಕಂಡು ಅಳು ತಡೆಯಲಾಗಲಿಲ್ಲ. ಅವರ ಹೆಂಡತಿ ಟೇಪನ್ನೂ ಒಂದು ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟರು. ಅದರಲ್ಲಿದ್ದದ್ದು ಅದೇ ಬಾವಿಯ ಅಳತೆ, ತಿಂಗಳಿಗೊಂದು ಸಾಲು. ಎಲ್ಲ ಸಾಲಿನಲ್ಲೂ 'ನೀರಿಲ್ಲ' ಎಂದೇ ಇತ್ತು.

ಈಗ ತಿಂಗಳಿಗೊಮ್ಮೆ ನಾನು ಹೋಗುತ್ತೇನೆ. ಮೊದಲ ಸಲ ಹೋದಾಗ, ತಪ್ಪು ಮಾಡಿದವನು ನಾನು, ಸರ್ ಅಲ್ಲ ಎಂದು ಆ ಹೆಂಗಸಿಗೆ ಹೇಳಿದೆ.

"ಗೊತ್ತು ಕಣಪ್ಪ," ಎಂದಳು. "ಯಾರ್ ಕೇಳುದ್ರೂ ನಿನ್ ಹೆಸ್ರು ಎತ್ಬ್ಯಾಡ ಅಂತ ಕೈಮುಗುದ್ರು ಅವ್ರು."

ಟೇಪಿಗೆ ಸುಣ್ಣ ಉಜ್ಜಿ ಬಾವಿಗೆ ಇಳಿಬಿಟ್ಟೆ. ಮೇಲೆಳೆದಾಗ ಒಣಗಿಯೇ ಇತ್ತು.