ಚಹಾ ಮುಗಿಯುವ ತನಕ ಗಾಡಿ ಆರಲಿಲ್ಲ

ಮನೆಯ ಹಳೆಯ ಮೋಟರ್‌ಸೈಕಲ್ಲು ಇವತ್ತಿನಿಂದ ನನ್ನ ಮೊಮ್ಮಗಳದು. ಅದರ ಕಾರ್ಬೊರೇಟರು ಅವಳ ಕೈಯಲ್ಲೇ ಸರಿಹೋಯಿತು. ಮನೆಯ ಗಂಡಸರಿಬ್ಬರ ಕೈಯಲ್ಲಿ ಆಗದ್ದು. ಓಣಿಯವರಿಗೆಲ್ಲ ಹೇಳಿ ಬಂದೆ, ಈಗ ಬರೆದೂ ಇಡುತ್ತೇನೆ. ನಾಲ್ಕನೇ ಇಯತ್ತೆಯವರೆಗೆ ಕಲಿತವಳ ಅಕ್ಷರ, ಸೊಟ್ಟಗಿದ್ದರೆ ಇರಲಿ.

ಆ ಇಬ್ಬರಲ್ಲಿ ಒಬ್ಬರು ನನ್ನ ಯಜಮಾನರು. ಮೂವತ್ತು ವರ್ಷ ನಾರಾಯಣಗೂಡದ ಈ ಮನೆಯಿಂದ ಅದೇ ಗಾಡಿಯ ಮೇಲೆ ಕೆಲಸಕ್ಕೆ ಹೋಗಿಬಂದವರು. ಅದರ ವಿಷಯದಲ್ಲಿ ತಮಗೆ ತಿಳಿಯದ್ದೇ ಇಲ್ಲ ಎನ್ನುವವರು. ಪೆಟ್ರೋಲು ಹಾಯುವ ಸಣ್ಣ ಹಿತ್ತಾಳೆಯ ಜೆಟ್ಟು ಕಟ್ಟಿಕೊಂಡಾಗಲೆಲ್ಲ ತಂತಿ ಚುಚ್ಚಿ ಚುಚ್ಚಿ, ಸೂಜಿಯ ಕಣ್ಣಿನಷ್ಟಿದ್ದ ತೂತನ್ನು ದಬ್ಬಣದ ಕಣ್ಣು ಮಾಡಿಟ್ಟಿದ್ದರು. ಗಾಡಿ ಕರಿ ಹೊಗೆ ಉಗುಳಿ ಆರಿಹೋಗುತ್ತಿತ್ತು. "ಪೆಟ್ರೋಲ್ ಕಲಬೆರಕಿ ಐತಿ" ಎಂದರು. ಪೆಟ್ರೋಲಿಗೆ ಬಾಯಿಲ್ಲವಲ್ಲ.

ಇನ್ನೊಬ್ಬ ನನ್ನ ಮಗ. ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಇಂಟರ್‌ನೆಟ್ಟಿನಿಂದ ತೆಗೆದ ಕಾಗದ ಹಿಡಿದು, ಒಂದೂವರೆ ಸುತ್ತು ಎಂದು ಓದಿಕೊಳ್ಳುತ್ತ, ಇಂಜಿನ್ನು ಇನ್ನೂ ತಣ್ಣಗಿದ್ದಾಗಲೇ ಗಾಳಿಯ ಸ್ಕ್ರೂ ತಿರುವಿದ. ರೊಟ್ಟಿಗೆ ಮೊದಲು ಹಂಚು ಕಾಯಬೇಕು ಎನ್ನುವಷ್ಟೂ ತಿಳಿಯದವನನ್ನು ಸಾಹೇಬ ಎನ್ನುತ್ತಾರಂತೆ. ಕೊನೆಗೆ, ತಮ್ಮ ಆಫೀಸಿನವರು ಬಾಗಿಲಲ್ಲಿ ಅಲಂಕಾರಕ್ಕೆ ಇಡಲು ಗಾಡಿ ಕೇಳಿದ್ದಾರೆ, ನಾಳೆ ಬಂದು ಒಯ್ಯುತ್ತಾರೆ ಎಂದ.

"ಅಜ್ಜಾ, ನನಗ ಕೊಡ್ರಿ. ಕಾಲೇಜಿಗೆ ಒಯ್ತೀನಿ" ಎಂದಳು ಮೊಮ್ಮಗಳು.

ಯಜಮಾನರು ನಕ್ಕರು. "ನಾ ಒಂದು ಕಪ್ ಚಹಾ ಕುಡಿದು ಮುಗಿಸೂತನಕ ರೇಸ್ ಕೊಡಲಾರದ, ಗಾಡಿ ಸ್ಲೋದಾಗ ಆರದಂಗ ಇಡು. ನಿನ್ನದ."

ಅವಳು ಹೊಸ ಜೆಟ್ಟು ತಂದು ಹಾಕಿದಳು. ಕಾರ್ಬೊರೇಟರಿನ ಉಳಿದ ತೂತುಗಳ ಕೊಳೆ ತೆಗೆಯಲು ನನ್ನ ಹುಲ್ಲಿನ ಕಸಬರಿಗೆಯಿಂದ ಒಂದು ಎಳೆ ಕಿತ್ತುಕೊಂಡಳು. ಓಣಿಯಲ್ಲಿ ನಾಲ್ಕು ಸುತ್ತು ಹಾಕಿ ಇಂಜಿನ್ ಬಿಸಿ ಮಾಡಿಕೊಂಡು ಬಂದು ಗಾಳಿಯ ಸ್ಕ್ರೂಗೆ ಕೈಯಿಟ್ಟಳು.

"ಅಜ್ಜಿ, ನೀ ಕೇಳು. ಎಲ್ಲಿ ಸರಿ ಆಗ್ತದ ಹೇಳು."

ಯಜಮಾನರು ಮರಳುವಾಗ ಆ ಗಾಡಿಯ ಸದ್ದು ಓಣಿಯ ಮೂಲೆ ತಿರುಗಿದ ಕೂಡಲೇ ಹಂಚಿನ ಮೇಲೆ ರೊಟ್ಟಿ ಹಾಕಿದವಳು ನಾನು, ಮೂವತ್ತು ವರ್ಷ. ಇಷ್ಟು ದಿನ ಯಾರಿಗೂ ನನ್ನನ್ನು ಕೇಳಬೇಕು ಅನಿಸಿರಲಿಲ್ಲ.

"ಇನ್ನೊಂಚೂರು. ಹೆಚ್ಚಾತು, ಹಿಂದಕ್ಕ ತಿರುವು. ಹಾಂ, ಅಲ್ಲೇ ಬಿಡು."

ಯಜಮಾನರು ಚಹಾ ಕೈಗೆತ್ತಿಕೊಂಡರು. ದಿನವೂ ನಾಲ್ಕೇ ಗುಟುಕಿಗೆ ಮುಗಿಸುವವರು ಇವತ್ತು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಊದಿ ಊದಿ, ಕೆನೆ ಸರಿಸಿ ಸರಿಸಿ ಕುಡಿದರು.

"ಚಹಾ ಕುಡ್ಯಾಕತ್ತೀರೋ, ತೀರ್ಥ ತಗೊಳ್ಳಾಕತ್ತೀರೋ?" ಎಂದೆ.

ಗಾಡಿ ಡುಗುಡುಗು ಎನ್ನುತ್ತಲೇ ಇತ್ತು. ಬಸಿ ಬರಿದಾಯಿತು.

"ಅಜ್ಜಾ, ಇನ್ನೊಂದು ಕಪ್ ತರಲೇನ್ರಿ?"

"ನಿನ್ನದ" ಎಂದರು, ಬಸಿಯ ತಳವನ್ನೇ ನೋಡುತ್ತ.

ಸಂಜೆ ನಾನು ದೀಪ ಹಚ್ಚಿದ ಮೇಲೆ ಎಲ್ಲರೂ ಊಟಕ್ಕೆ ಕುಳಿತರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬುಟ್ಟಿಯ ಮೇಲಿನ ಬಿಸಿ ರೊಟ್ಟಿ ಯಾವಾಗಲೂ ಯಜಮಾನರದು. ಇವತ್ತು ಅದನ್ನು ಪೆಟ್ರೋಲು ನಾರುವ ಮೊಮ್ಮಗಳ ಕೈಗೆ ಕೊಟ್ಟೆ.

"ಆಫೀಸಿನ್ಯಾಗ ಏನ್ ಹೇಳಲಿ?" ಎಂದ ಮಗ.

"ಹೂವಿನ ಕುಂಡ ಇಟ್ಕೋರಿ ಅನ್ನು. ಅದಕ್ಕ ಕಿಕ್ ಹೊಡೆಯೂದು ಬೇಡ" ಎಂದೆ.

ಯಜಮಾನರು ಬುಟ್ಟಿಯಲ್ಲಿದ್ದ ಎರಡನೆಯ ರೊಟ್ಟಿ ತೆಗೆದು ಮುರಿದರು. ನಾನೂ ತಟ್ಟೆ ಇಟ್ಟುಕೊಂಡು ಮೊಮ್ಮಗಳ ಪಕ್ಕ ಕೂತೆ.