ಕೋಲು ಕಾಣದ ಎತ್ತು

ಮಳೆಯಲ್ಲಿ ನೆನೆದ ಗೋಣಿಯ ವಾಸನೆ ಈಗಲೂ ನನಗೆ ಆಗಿಬರುವುದಿಲ್ಲ. ನಿಮಗೂ ಇಂಥ ಒಂದು ವಾಸನೆ ಇರಬಹುದು. ಯಾವುದಾದರೂ ಅಂಗಡಿಯ ಮುಂದೆ ಅದು ಮೂಗಿಗೆ ಬಡಿದರೆ ಸಾಕು, ದೇವದುರ್ಗದ ನಮ್ಮ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ: ಎತ್ತಿನ ಬೆನ್ನಿನಿಂದ ಎರಡೂ ಕಡೆ ಇಳಿಬೀಳುವ ಜೋಡು ಚೀಲಗಳು ಗೋಡೆಗುಂಟ ಒಣಗುತ್ತಿವೆ, ಅವುಗಳ ಉಪ್ಪಿನ ಘಾಟು, ಎತ್ತುಗಳ ಬೆವರು, ಒಲೆಯ ಮುಂದೆ ಕೂತ ಅವ್ವ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ರಾಯಚೂರಿನ ಸ್ಟೇಷನ್ನಿನಿಂದ ಉಪ್ಪು, ಬೆಲ್ಲ ಹೇರಿಕೊಂಡು ಬರುವುದು ನಮ್ಮ ಮನೆತನದ ಕಸುಬು. ಎರೆಮಣ್ಣು ಹಸಿಯಾದರೆ ಬಂಡಿಯ ಗಾಲಿ ಅಚ್ಚಿನವರೆಗೂ ಹೂತುಹೋಗುತ್ತಿತ್ತು. ಆಗ ನಡೆಯುತ್ತಿದ್ದುದು ಹೇರಿನೆತ್ತು ಮಾತ್ರ. "ಹೇರು ಬಂತು" ಎಂದು ಊರವರು ಕೂಗಿದರೆ ಅದರಲ್ಲಿ ಎತ್ತುಗಳಷ್ಟೇ ಅಲ್ಲ, ಅಪ್ಪನೂ ಸೇರಿರುತ್ತಿದ್ದ.

ಹೇರಿನೆತ್ತುಗಳ ಸಾಲಿನ ಮುಂದೆ ಗಂಟೆ ಕಟ್ಟಿಕೊಂಡು ನಡೆಯುವವನು ಕೆಂದ. ತಾಯಿ ಸತ್ತ ಆ ಕೆಂಪು ಕರುವನ್ನು ಅವ್ವನೇ ಗಂಜಿ ಕುಡಿಸಿ ಬೆಳೆಸಿದ್ದಳು. ಮುಂದಿನೆತ್ತಿಗೆ ಕೋಲು ಮುಟ್ಟಿಸಿದರೆ ಮನೆ ಮುಳುಗುತ್ತದೆ ಎಂಬುದು ನಮ್ಮವರ ಕಟ್ಟುಪಾಡು. ಅವನು ನಡೆದರೆ ನಡೆಯಬೇಕು, ನಿಂತರೆ ನಿಲ್ಲಬೇಕು. ರಾಯಚೂರಿನ ದಾರಿಯಲ್ಲಿ ಹಳ್ಳದ ಈಚೆ ಒಂದು ಬೇವಿನಮರವಿತ್ತು. ಕೆಂದ ಪ್ರತಿಸಲವೂ ಅಲ್ಲಿ ನಿಂತು, ಮೆಲುಕು ಮುಗಿಸಿ, ತಾನಾಗಿ ಹೊರಡುತ್ತಿದ್ದ. ಅಷ್ಟು ಹೊತ್ತು ಅಪ್ಪ ಬೀಡಿ ಸೇದುತ್ತ ಕೂತಿರುತ್ತಿದ್ದ.

ಒಂದು ಶ್ರಾವಣದಲ್ಲಿ ಅವ್ವನಿಗೆ ಹೊಟ್ಟೆನೋವು ಹತ್ತಿತು. ಯಾವ ಮದ್ದಿಗೂ ಜಗ್ಗಲಿಲ್ಲ. ರಾಯಚೂರಿನ ದವಾಖಾನೆಯೊಂದೇ ಉಳಿದ ಆಸೆ. ಆ ಕೆಸರಿನಲ್ಲಿ ಬಂಡಿಯ ಮಾತೇ ಇರಲಿಲ್ಲ. ಅಪ್ಪ ಕೆಂದನ ಬೆನ್ನಿಗೆ ಎರಡೂ ಕಡೆ ಜೋಳದ ಚೀಲ ಇಳಿಬಿಟ್ಟು, ನಡುವೆ ಕೌದಿ ಹಾಸಿ ಅವ್ವನನ್ನು ಕೂರಿಸಿದ. ಮಗಳಾದ ನಾನು ಅವಳ ಪಾದ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ಬೇವಿನಮರ ಬಂತು. ಕೆಂದ ನಿಂತ. ಹಳ್ಳದಲ್ಲಿ ಆಗಿನ್ನೂ ಮೊಣಕಾಲುದ್ದ ನೀರು, ಮೇಲೆ ಮಾತ್ರ ಮೋಡ ಕಪ್ಪಿಟ್ಟಿತ್ತು. ಅಪ್ಪ ಮೂಗುದಾರ ಜಗ್ಗಿದ, ಬೆನ್ನು ತಟ್ಟಿದ, ಕೊನೆಗೆ ಕೈಮುಗಿದ.

"ನಡಿಯಪ್ಪಾ, ಇವತ್ತೊಂದಿನ ನಡಿ."

ಕೆಂದ ಮೆಲುಕು ಹಾಕುತ್ತಲೇ ಇದ್ದ. ಎತ್ತಿಕೊಂಡು ದಾಟಿಸೋಣವೆಂದರೆ, ಮೈ ಮುಟ್ಟಿದರೂ ಅವ್ವ ಚೀರುತ್ತಿದ್ದಳು. ಅಪ್ಪ ಕೈಯಲ್ಲಿನ ಕೋಲನ್ನು ನೋಡಿಕೊಂಡ. ಅದು ಅವ್ವನ ಕಣ್ಣಿಗೆ ಬಿತ್ತು.

"ಹೊಡೀಬ್ಯಾಡ್ರಿ. ನನ್ನ ಕೈಯಾಗ ಗಂಜಿ ಕುಡದದ್ದು ಅದು. ಈಗ ಹೊಂಡ್ತದ ತಗೋರಿ."

ಅಪ್ಪ ಕೋಲು ಕೆಳಗಿಟ್ಟ. ಕೆಂದ ಹೊರಡುವಷ್ಟರಲ್ಲಿ ಮೇಲಿನ ಸೀಮೆಯ ಮಳೆನೀರು ನುಗ್ಗಿ ಹಳ್ಳ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಅವ್ವನನ್ನು ಇಳಿಸಿ ಮರದ ಬುಡದಲ್ಲಿ ಮಲಗಿಸಿದೆವು. ನೀರು ಇಳಿಯುವವರೆಗೆ ಅವಳು ಉಳಿಯಲಿಲ್ಲ.

ಅವಳನ್ನು ಮತ್ತೆ ಅದೇ ಬೆನ್ನಿಗೇರಿಸಿದೆವು. ಅರ್ಧ ದಾರಿಯಿಂದ ಮರಳಿ ಗೊತ್ತಿಲ್ಲದ ಕೆಂದ ಹಳ್ಳಕ್ಕೇ ಮುಖಮಾಡಿ ನಿಂತುಬಿಟ್ಟ. ಅಪ್ಪ ಕೋಲೆತ್ತಿ ಹೊಡೆದ. ಒಂದೇ ಏಟು. ಕೆಂದ ಬೆಚ್ಚಿಬಿದ್ದು, ತಿರುಗಿ, ಊರ ಕಡೆ ಸರಸರ ನಡೆಯತೊಡಗಿದ. ಅಪ್ಪ ಕೆಸರಿನಲ್ಲಿ ಕುಸಿದು ಕೂತು ನನ್ನ ಮುಖ ನೋಡಿದ.

"ಇಷ್ಟ ಸಾಕಾಗ್ತಿತ್ತೇನ ಯವ್ವಾ?"

ಈಗ ಆ ಪಡಸಾಲೆ ಇಲ್ಲ, ಹೇರೂ ಇಲ್ಲ, ಹಳ್ಳಕ್ಕೆ ಸೇತುವೆ ಬಂದಿದೆ. ಬಸ್ಸು ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ದಾಟಿಬಿಡುತ್ತದೆ. ಸಾಯುವವರೆಗೂ ಅಪ್ಪ ಅದೊಂದು ಮಾತನ್ನು ಮತ್ತೆಮತ್ತೆ ಕೇಳಿದ. ನಾನು ಪ್ರತಿಸಲವೂ ನೀರು ತರುವ ನೆಪ ಮಾಡಿ ಎದ್ದುಹೋದೆ.

ಸಾಕಾಗ್ತಿತ್ತು, ಯಪ್ಪಾ.