ಅಣ್ಣನ ‘ನೋಡೋಣ’

ನನ್ನ ಅಣ್ಣನ ಬಾಯಲ್ಲಿ ‘ಆಗಲ್ಲ’ ಎನ್ನುವ ಮಾತು ಹುಟ್ಟುತ್ತಲೇ ಇರಲಿಲ್ಲ. ಯಾರು ಏನೇ ಕೇಳಲಿ, ಕತ್ತು ಕೆರೆದುಕೊಂಡು, ಎದುರಿನವರ ಮುಖ ಬಾಡದ ಹಾಗೆ ಮೆಲ್ಲಗೆ ‘ನೋಡೋಣ’ ಅನ್ನುತ್ತಿದ್ದ. ಮನೆಯಲ್ಲಿ ನಮಗೆಲ್ಲ ಅದರ ಅರ್ಥ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವನ ಸೈಕಲ್ಲು ಕೇಳಿದಾಗ ‘ನೋಡೋಣ’ ಅಂದನೆಂದರೆ ಸೈಕಲ್ಲು ಸಿಗುವುದಿಲ್ಲ ಎಂದೇ ಲೆಕ್ಕ. ನಾನು ಅಲ್ಲೇ ಅಳುವುದಕ್ಕೆ ಶುರು ಮಾಡುತ್ತಿದ್ದೆ. ‘ನಾನೇನು ಇಲ್ಲ ಅಂದ್ನೇನೇ?’ ಎಂದು ಅವನಿಗೇ ಗಾಬರಿ. ಅಂದಿದ್ದರೆ ನನ್ನ ಅರ್ಧ ಅಳುವಾದರೂ ಉಳಿಯುತ್ತಿತ್ತು.

ಇಂಥವನು ಕಂಪನಿ ಕಟ್ಟಿದ. ಅದೂ ಬಚ್ಚಲ ಬಾಗಿಲಿನಿಂದ. ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತ್ತು. ಅಂಗಡಿಯಿಂದ ತಂದ ಗಾಲಿಕುರ್ಚಿ ಬಚ್ಚಲ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಅಮ್ಮ ಈಚೆ, ಬಿಸಿನೀರಿನ ಬಕೆಟ್ಟು ಆಚೆ. ‘ನಾನು ಊದ್ಕೊಂಡ್ನೋ, ಬಾಗ್ಲು ಬಡವಾಯ್ತೋ?’ ಎಂದು ಅಮ್ಮ ಸೊಟ್ಟಬಾಯಲ್ಲೇ ನಕ್ಕಳು. ಅಣ್ಣ ನಗಲಿಲ್ಲ. ಅಮ್ಮನನ್ನು ಎತ್ತಿ ಮಂಚದ ಮೇಲೆ ಕೂರಿಸಿ, ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಗೆ ಹೋದ. ಅಲ್ಲಿದ್ದ ವೆಲ್ಡರ್ ಕುರ್ಚಿಯನ್ನು ತಿರುಗಿಸಿ ನೋಡಿ, ‘ಮೊದ್ಲು ಬಾಗ್ಲು ಅಳ್ಕೊಂಡು ಬನ್ನಿ ಸಾರ್’ ಅಂದನಂತೆ. ಪೈಪು ಕೊಯ್ದು, ಚಕ್ರಗಳನ್ನು ಒಳಗೆ ಸರಿಸಿ, ಮರುದಿನ ಅವನೇ ತಂದುಕೊಟ್ಟ. ಅಮ್ಮ ಬಚ್ಚಲೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಒಬ್ಬಳೇ ಸ್ನಾನ ಮಾಡಿದಳು. ನೀರು ಸುರಿಯುವ ಸದ್ದು ಕೇಳುತ್ತಾ ಅಣ್ಣ ಹೊರಗೆ ನಿಂತು ಕಣ್ಣೊರೆಸಿಕೊಂಡ.

ಹಾಗೆ ಶುರುವಾಯಿತು. ಅಣ್ಣ ಆಫೀಸಿನ ಕೆಲಸ ಬಿಟ್ಟ, ವೆಲ್ಡರ್ ಬೀದಿಯ ಅಂಗಡಿ ಬಿಟ್ಟ. ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದರು. ಸೀಟಿಗೆ ಸ್ಪಂಜು ಕೂರಿಸಿ ರೆಕ್ಸಿನ್ ಹೊಲಿಯುವ ಕೆಲಸ ನನ್ನದು. ಬೇರೆಯವರು ಕೂರುವವರ ಅಳತೆ ತೆಗೆದುಕೊಂಡರೆ ನಾವು ಅವರ ಮನೆಯ ಬಾಗಿಲುಗಳ ಅಳತೆ ತೆಗೆದುಕೊಳ್ಳುತ್ತಿದ್ದೆವು. ಅಣ್ಣ ಟೇಪು ಹಿಡಿದುಕೊಂಡು ಅಡುಗೆಮನೆ, ಬಚ್ಚಲು ಎನ್ನದೆ ನುಗ್ಗುವುದನ್ನು ಕಂಡು ಮನೆ ಕೊಳ್ಳಲು ಬಂದವನೆಂದು ತಿಳಿದವರೂ ಉಂಟು.

ಶೆಡ್ಡಿನಲ್ಲಿಯೂ ‘ನೋಡೋಣ’ ನಡೆಯುತ್ತಿತ್ತು. ವಾರ ಕಳೆಯುವುದರಲ್ಲಿ ವೆಲ್ಡರ್‌ಗೂ ಅದರ ಅರ್ಥ ಪಕ್ಕಾ ಆಯಿತು. ‘ಸಾರ್, ಹೊಸ ಮಷೀನು?’ ‘ನೋಡೋಣ.’ ಅವನು ನನ್ನ ಕಡೆ ತಿರುಗಿ, ‘ಬರಲ್ಲ ಬಿಡಕ್ಕ’ ಎಂದು ನಕ್ಕು, ಹಳೆಯದಕ್ಕೇ ಎಣ್ಣೆ ಬಿಡುತ್ತಿದ್ದ. ನಮಗದು ತಮಾಷೆಯಾಗಿಬಿಟ್ಟಿತ್ತು.

ಆಮೇಲೆ ಬಂಡವಾಳ ಹಾಕುವವರೊಬ್ಬರು ಬಂದರು. ಎಂಥ ಸೆಕೆಯಲ್ಲೂ ಕೋಟು ಬಿಚ್ಚದವರು. ನಾವು ಅವರನ್ನು ಕೋಟಿನವರು ಅನ್ನುತ್ತಿದ್ದೆವು. ಕೋಟು ಇದ್ದವರೋ ಕೋಟಿ ಇದ್ದವರೋ, ಹೇಗೆ ಬೇಕಾದರೂ ತಿಳಿದುಕೊಳ್ಳಿ. ಒಳ್ಳೆಯವರೇ, ಸುಳ್ಳು ಹೇಳಬಾರದು. ಒಂದು ದಿನ ಹುರುಪಿನಿಂದ ಶೆಡ್ಡಿಗೆ ಬಂದು, ‘ದೊಡ್ಡ ಆಸ್ಪತ್ರೆಯವರು ಒಪ್ಪಿದ್ದಾರೆ. ಎಲ್ಲಾ ವಾರ್ಡಿಗೂ ನಮ್ಮದೇ ಕುರ್ಚಿ. ಮಳೆಗಾಲದೊಳಗೆ ಕೊಡಬೇಕು. ಆಗುತ್ತಲ್ಲ?’ ಅಂದರು.

ನಮ್ಮಿಂದ ಆಗುವ ಕೆಲಸ ಅದಲ್ಲ. ಒಂದೊಂದು ಕುರ್ಚಿಯನ್ನೂ ಒಂದೊಂದು ಬಾಗಿಲಿಗೆ ಕೂರಿಸಿ ಕಲಿತ ಕೈಗಳು ನಮ್ಮವು. ಅಣ್ಣ ನನ್ನನ್ನು ನೋಡಿದ, ವೆಲ್ಡರ್‌ನನ್ನು ನೋಡಿದ, ಸೂರಿನ ತಗಡನ್ನು ನೋಡಿದ. ಕತ್ತು ಕೆರೆದುಕೊಂಡು ‘ನೋಡೋಣ’ ಅಂದ.

ಕೋಟಿನವರು ಎದ್ದು ಅವನ ಕೈ ಕುಲುಕಿ, ಬೆನ್ನು ತಟ್ಟಿ, ನಗುನಗುತ್ತಾ ಕಾರು ಹತ್ತಿದರು. ಇತ್ತ ವೆಲ್ಡರ್ ನಿಟ್ಟುಸಿರು ಬಿಟ್ಟು, ‘ಸದ್ಯ, ಬೇಡ ಅಂದ್ರಲ್ಲಕ್ಕ ಸಾರ್’ ಅಂದ. ನನಗೂ ಹಾಗೇ ಕೇಳಿಸಿತ್ತು. ನಾವು ನಮ್ಮ ಪಾಡಿಗೆ ಯಾರದೋ ಅಡುಗೆಮನೆಯ ಬಾಗಿಲಿನ ಕುರ್ಚಿಗೆ ಕೈ ಹಾಕಿದೆವು. ಅತ್ತ ಅವರು ಆಸ್ಪತ್ರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದರು. ಒಂದೇ ಮಾತು, ಒಂದೇ ಕೋಣೆ. ಹೊರಗಿನವರಿಗೆ ಅದು ಹೂಂ, ಒಳಗಿನವರಿಗೆ ಉಹೂಂ. ನಡುವೆ ಅಣ್ಣ, ಇವತ್ತು ಫೋನು ಮಾಡಿ ಹೇಳಿಬಿಡುತ್ತೇನೆ, ನಾಳೆ ಹೇಳಿಬಿಡುತ್ತೇನೆ ಎಂದು ಒಳಗೊಳಗೇ ಬೇಯುತ್ತಿದ್ದ. ನಮಗೂ ಹೇಳಲಿಲ್ಲ.

ಆ ದಿನಗಳಲ್ಲೇ ಗೇಟು ಮಾಡುವ ದೊಡ್ಡ ಕಾರ್ಖಾನೆಯವರು ವೆಲ್ಡರ್‌ನನ್ನು ಮೇಸ್ತ್ರಿ ಕೆಲಸಕ್ಕೆ ಕರೆದರು. ಅವನು ಕೈಗವಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅಣ್ಣನ ಎದುರು ನಿಂತ. ‘ಮಗಳು ಕಾಲೇಜಿಗೆ ಸೇರಬೇಕು ಅಂತಿದ್ದಾಳೆ ಸಾರ್. ನೀವು ಹೇಗೆ ಹೇಳ್ತೀರೋ ಹಾಗೆ. ಹೋಗ್ಲಾ?’

ಕಂಪನಿ ಮುಳುಗುತ್ತಿದೆ ಎಂದು ಅಣ್ಣನಿಗೆ ಆಗ ಗೊತ್ತಿತ್ತು. ಹೋಗು ಅನ್ನಬೇಕಿತ್ತು. ಹೋಗು ಅಂದರೆ ಯಾಕೆ ಎಂದೂ ಹೇಳಬೇಕಿತ್ತು. ‘ನೋಡೋಣ ಕಣಯ್ಯ’ ಅಂದ.

ವೆಲ್ಡರ್‌ಗೆ ಅರ್ಥ ಗೊತ್ತಿತ್ತಲ್ಲ. ಹೋಗಬೇಡ ಎಂದು ತಿಳಿದು, ಖುಷಿಯಿಂದಲೇ ಆ ಕೆಲಸ ಬಿಟ್ಟುಕೊಟ್ಟ. ‘ನನ್ನ ಬಿಟ್ಟು ಸಾರ್‌ಗೆ ಆಗಲ್ಲ ಅಕ್ಕ’ ಎಂದು ನನ್ನ ಹತ್ತಿರ ಜಂಬ ಕೊಚ್ಚಿಕೊಂಡ.

ಮಳೆ ಬಿತ್ತು. ಆಸ್ಪತ್ರೆಯವರು ಕುರ್ಚಿ ಎಲ್ಲಿ ಅಂದರು. ಕೋಟಿನವರು ಶೆಡ್ಡಿಗೆ ಬಂದು, ‘ಆಗಲ್ಲ ಅಂತ ಅವತ್ತೇ ಅಂದಿದ್ರೆ ನಾನೇನು ನಿಮ್ಮನ್ನ ನುಂಗಿಬಿಡ್ತಿದ್ನಾ?’ ಎಂದು ಕೇಳಿದರು. ಇನ್ನು ದುಡ್ಡು ಹಾಕುವುದಿಲ್ಲ ಎಂದು ಅವರು ಕೈಯೆತ್ತಿದರು, ಶೆಡ್ಡಿಗೆ ಬೀಗ ಬಿತ್ತು. ಗೇಟಿನ ಕಾರ್ಖಾನೆಯಲ್ಲಿ ಆ ಜಾಗಕ್ಕೆ ಬೇರೆ ಯಾರೋ ಬಂದಾಗಿತ್ತು. ವೆಲ್ಡರ್ ತನ್ನ ಹೆಂಡತಿ ಮಗಳನ್ನು ಕರೆದುಕೊಂಡು ದೂರದ ಊರಿಗೆ, ಕಟ್ಟಡಗಳ ಕೂಲಿಗೆ ಹೋದ. ಮಗಳ ಓದು ಅಲ್ಲಿಗೇ ನಿಂತಿತು. ಹೊರಡುವ ದಿನ ಅವನು ಬೈಯಲಿಲ್ಲ, ಕೂಗಾಡಲಿಲ್ಲ. ‘ಹೋಗು ಅಂತ ಒಂದು ಮಾತು ಸಾಕಿತ್ತು ಸಾರ್’ ಅಂದ, ಅಷ್ಟೇ. ಬೈದಿದ್ದರೆ ಅಣ್ಣ ಬದುಕಿಕೊಳ್ಳುತ್ತಿದ್ದ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಮ್ಮನೂ ಹೋದ ಮೇಲೆ ಅಣ್ಣ ಒಂದು ದೊಡ್ಡ ಹಜಾರದ ಉಸ್ತುವಾರಿಗೆ ಸೇರಿದ. ಹೊಸದಾಗಿ ಕಂಪನಿ ಶುರು ಮಾಡುವ ಹುಡುಗರಿಗೆ ಮೇಜುಗಳನ್ನು ಬಾಡಿಗೆಗೆ ಕೊಡುವ ಜಾಗ. ಬೀಗದ ಕೈ, ದೀಪ, ಕುಡಿಯುವ ನೀರು, ಎಲ್ಲ ಇವನದು. ಇವನೂ ಒಂದು ಕಾಲಕ್ಕೆ ಕಂಪನಿ ಕಟ್ಟಿದವನು ಎಂದು ಹೇಗೋ ಗೊತ್ತಾಗಿ, ಒಬ್ಬೊಬ್ಬರೇ ಸಲಹೆ ಕೇಳಲು ಬರತೊಡಗಿದರು. ಮುಳುಗಿದವನನ್ನು ಈಜು ಕೇಳುತ್ತೀರಲ್ಲ ಎಂದು ನನಗೆ ನಗು. ಆದರೆ ಅಣ್ಣ ಬದಲಾಗಿದ್ದ. ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಾ ಕನ್ನಡಿಗೆ ‘ಆಗಲ್ಲ, ಆಗಲ್ಲ’ ಎಂದು ಹೇಳಿ ಅಭ್ಯಾಸ ಮಾಡುವುದನ್ನು ನಾನೇ ಕೇಳಿದ್ದೇನೆ. ‘ಕನ್ನಡಿ ಏನು ಬೇಡ್ತಿದೆ ಅಣ್ಣ?’ ಎಂದು ಛೇಡಿಸಿದ್ದೇನೆ.

ಊಟ ಕೊಡಲು ಹೋಗಿದ್ದ ಒಂದು ದಿನ ನಾನೇ ಕಣ್ಣಾರೆ ಕಂಡೆ. ಒಬ್ಬಳು ಹುಡುಗಿ ತಾನು ಮಾಡಿದ್ದನ್ನೆಲ್ಲ ವಿವರಿಸಿ, ‘ಗೆಳತಿಯರನ್ನೂ ಕೆಲಸ ಬಿಡಿಸಿ ಕರ್ಕೊಳ್ಲಾ ಅಂಕಲ್?’ ಎಂದು ಕೇಳಿದಳು. ಅಣ್ಣನ ಕೈ ಕತ್ತಿಗೆ ಹೋಯಿತು. ತುಟಿ ‘ನೋಡೋಣ’ದ ‘ನೋ’ ಆಕಾರಕ್ಕೆ ಬಂತು. ಕೈಯನ್ನು ಕೆಳಗಿಳಿಸಿ ಹೇಳಿದ: ‘ಬೇಡ ಮಗಳೇ. ಇದು ನಡೆಯಲ್ಲ. ನೀನು ಬೇಕಾದ್ರೆ ಇನ್ನೊಂದು ವರ್ಷ ಒದ್ದಾಡು, ಅವರನ್ನ ಎಳೀಬೇಡ.’ ಅವಳು ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದಳು. ಅಣ್ಣ ಬೆವರೊರೆಸಿಕೊಂಡ. ‘ಕಂಪನಿ ನಡೆಸೋದು ಅಂದ್ರೆ ಇಷ್ಟೇ ಕಣೇ,’ ಎಂದು ಊಟದ ಡಬ್ಬಿ ಬಿಚ್ಚಿದ. ‘ಬೇರೆಯವರ ಮುಖ ಬಾಡೋದನ್ನ ಕೂತು ನೋಡೋ ಧೈರ್ಯ. ನನಗದು ವೆಲ್ಡರ್ ಮುಂದೆ ಬರ್ಲಿಲ್ಲ.’ ಅವತ್ತು ಅವನು ಸರಿಯಾಗಿ ಉಣ್ಣಲಿಲ್ಲ.

ಈ ವರ್ಷ ಅವನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದಾಯಿತು. ಡಾಕ್ಟರು ಚಿಕ್ಕ ವಯಸ್ಸಿನವರು. ಹಾಸಿಗೆಯ ತುದಿಯಲ್ಲಿ ಕೂತು, ಅವನ ಕಣ್ಣನ್ನೇ ನೋಡುತ್ತಾ, ‘ಇನ್ನು ಚಿಕಿತ್ಸೆ ಇಲ್ಲ. ನೋವು ಬಾರದ ಹಾಗೆ ಮಾತ್ರ ಮಾಡ್ತೀವಿ’ ಅಂದರು. ನಾನು ಮುಖ ತಿರುಗಿಸಿಕೊಂಡೆ. ಅಣ್ಣ ಮಾತ್ರ ಅವರ ಕೈ ಹಿಡಿದು, ‘ಈ ವಯಸ್ಸಿಗೇ ಕಲಿತಿದ್ದೀರಿ. ಚೆನ್ನಾಗಿರಿ’ ಅಂದ.

ಅವರು ಹೋದ ಮೇಲೆ ನನ್ನ ಕಡೆ ತಿರುಗಿದ. ‘ವೆಲ್ಡರ್‌ನ ಒಂದ್ಸಲ ಕರೆಸ್ತೀಯಾ? ನನ್ನ ತಪ್ಪು ಅಂತ ಅವನ ಮುಖ ನೋಡಿ ಹೇಳ್ಬೇಕು. ಇನ್ನೇನೂ ಬೇಡ ನಂಗೆ.’

ಹಳೆಯ ಬೀದಿಯವರನ್ನೆಲ್ಲ ಕಾಡಿ ನಂಬರು ಹುಡುಕಿದೆ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತು ಫೋನು ಮಾಡಿದೆ. ವೆಲ್ಡರ್ ನನ್ನ ದನಿಯನ್ನು ತಕ್ಷಣ ಗುರುತು ಹಿಡಿದ. ಎಲ್ಲ ಹೇಳಿದೆ. ಕೊನೆಯ ಆಸೆ ಅಂತಲೂ ಹೇಳಿದೆ. ಅತ್ತ ಎಲ್ಲೋ ಕಬ್ಬಿಣ ಬಡಿಯುವ ಸದ್ದು. ಆಮೇಲೆ, ‘ನೋಡೋಣ ಅಕ್ಕ’ ಅಂದ.

ಫೋನು ಇಟ್ಟು ಅಲ್ಲೇ ಕೂತುಬಿಟ್ಟೆ. ಸಿಟ್ಟು ಬರಲಿಲ್ಲ. ಯಾವ ಮುಖ ಹೊತ್ತು ಸಿಟ್ಟು ಮಾಡಲಿ? ಬರುತ್ತಾನಂತೆ ಎಂದು ಸುಳ್ಳು ಹೇಳಿಬಿಡೋಣ ಎಂದುಕೊಂಡೇ ವಾರ್ಡಿನ ಒಳಗೆ ಹೋದೆ. ಅಣ್ಣ ದಿಂಬಿನಿಂದ ತಲೆ ಎತ್ತಿ, ಬಾಗಿಲನ್ನೇ ನೋಡುತ್ತಿದ್ದ.

‘ಏನಂದ?’

ಸುಳ್ಳು ಹೇಳಲಾಗಲಿಲ್ಲ. ‘ನೋಡೋಣ ಅಂದ ಅಣ್ಣ’ ಅಂದೆ.

ಆ ಮಾತಿನ ಅರ್ಥ ಅವನಿಗಿಂತ ಚೆನ್ನಾಗಿ ಬಲ್ಲವರು ಈ ಲೋಕದಲ್ಲಿ ಇಲ್ಲ. ಅವನು ನನ್ನ ಮುಖವನ್ನು ನೋಡಿದ. ಅದು ಬಾಡಿತ್ತೇನೋ. ಸೂಜಿ ಚುಚ್ಚಿದ ಕೈಯನ್ನು ಮೆಲ್ಲಗೆ ಎತ್ತಿ ಕತ್ತು ಕೆರೆದುಕೊಂಡ.

‘ಹಾಗಾದ್ರೆ ಬರ್ತಾನೆ,’ ಅಂದ. ‘ಆ ಕುರ್ಚಿ ಇತ್ತ ಎಳೆದಿಡು. ದೂರದಿಂದ ಬರೋನು, ಕೂರ್ಬೇಕಲ್ಲ.’

ಎಳೆದಿಟ್ಟೆ. ಅಣ್ಣ ಹೋಗುವ ತನಕ ನಾನು ಹಾಸಿಗೆಯ ಕಾಲ ಹತ್ತಿರ ನೆಲದ ಮೇಲೆ ಕೂತೆ, ಆ ಕುರ್ಚಿಯ ಮೇಲೆ ಕೂರಲಿಲ್ಲ.